ಐವರು ನಳರು, ಮೂರು ಬಟ್ಟಲು

ಮೂರು ಬಟ್ಟಲು, ಒಂದು ಗೋಲಿ, ಕೂರಲಿಕ್ಕೊಂದು ಗೋಣಿತಟ್ಟು. ಇಷ್ಟು ಕಡಿಮೆ ಸಾಮಾನಿನಲ್ಲಿ ನೂರು ಜನರನ್ನು ಉಸಿರು ಬಿಗಿಹಿಡಿಸಿ ನಿಲ್ಲಿಸುವ ಆಟ ಇನ್ನೊಂದನ್ನು ನಾನು ಕಂಡಿಲ್ಲ. ಒಂದೇ ಅಚ್ಚಿನಲ್ಲಿ ತೆಗೆದಂಥ ಬಟ್ಟಲುಗಳು ಬೋರಲಾಗುತ್ತವೆ, ಒಂದರಡಿ ಗೋಲಿ ಸೇರುತ್ತದೆ, ಎರಡು ಕೈಗಳು ಓಡಾಡತೊಡಗುತ್ತವೆ. ಅಲ್ಲಿದ್ದದ್ದು ಇಲ್ಲಿ, ಇಲ್ಲಿದ್ದದ್ದು ಅಲ್ಲಿ. ಕೈ ನಿಂತ ಮೇಲೆ ನೆರೆದವರೆಲ್ಲ ಒಂದೇ ಬಟ್ಟಲಿಗೆ ಬೆರಳು ತೋರಿಸುತ್ತಾರೆ. ಬಟ್ಟಲು ಎತ್ತಿದರೆ ಅಡಿಯಲ್ಲಿ ಏನೂ ಇಲ್ಲ.

ಈ ಆಟದ ಮೇಲೆ ನನಗೆ ಚಿಕ್ಕಂದಿನಿಂದಲೂ ಮೋಹ. ಬೀದಿಯ ಬಟ್ಟಲಾಟದ ಮೇಲೆ ಮಾತ್ರವಲ್ಲ, ಅದರ ಬಂಧುಬಳಗದ ಮೇಲೆಲ್ಲ. ಅವಳಿಜವಳಿಗಳು ಅದಲುಬದಲಾಗುವ ನಾಟಕ, ಒಂದೇ ಥರದ ಪೆಟ್ಟಿಗೆಗಳು ಕೈಯಿಂದ ಕೈಗೆ ದಾಟಿ ಎಲ್ಲರೂ ಎಲ್ಲರ ಹಿಂದೆ ಓಡುವ ಸಿನಿಮಾ, ಒಂದೇ ರೂಪದ ಹಲವರ ನಡುವೆ ನಿಜದವನನ್ನು ಹುಡುಕಬೇಕಾದ ಕಥೆ, ಎಲ್ಲವೂ ಈ ಬಳಗದವೇ. ನಮ್ಮೂರ ಹೊಳೆದಂಡೆಯಲ್ಲಿ ನಾವು ಆಡುತ್ತಿದ್ದ ಆಟವೂ ಇದೇ ಕುಲದ್ದು. ಮರಳನ್ನು ಉದ್ದಕ್ಕೆ ಏರಿಯಂತೆ ಕೂಡಿಹಾಕಿ, ಅದರೊಳಗೆ ಒಂದು ಗಿಡ್ಡ ಕಡ್ಡಿಯನ್ನು ಆಚೀಚೆ ಓಡಾಡಿಸಿ ಎಲ್ಲೋ ಒಂದು ಕಡೆ ಬಿಟ್ಟುಬಿಡುವುದು. ಎದುರಿಗಿದ್ದವರು ಎರಡು ಕೈ ಹೆಣೆದು, ಕಡ್ಡಿ ಇಲ್ಲೇ ಇದೆ ಎಂದು ಅನಿಸಿದ ಜಾಗವನ್ನು ಮುಚ್ಚಬೇಕು. ಮರಳು ಎಲ್ಲ ಕಡೆ ಒಂದೇ ಥರ. ಅದನ್ನು ದಿಟ್ಟಿಸಿ ಏನೂ ಸಿಗುತ್ತಿರಲಿಲ್ಲ. ನಮ್ಮ ಗುಂಪಿನಲ್ಲೊಬ್ಬಳು ಹುಡುಗಿ ಮಾತ್ರ ಮರಳಿನತ್ತ ನೋಡುತ್ತಲೇ ಇರಲಿಲ್ಲ. ಕಡ್ಡಿ ಬಚ್ಚಿಡುವವರ ಮುಖವನ್ನೇ ನೋಡುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಸಲ ಗೆಲ್ಲುತ್ತಿದ್ದವಳು ಅವಳೇ.

ಮೊದಲು ಬೀದಿಯ ಆಟವನ್ನು ಹತ್ತಿರದಿಂದ ನೋಡಬೇಕು. ದುಡ್ಡು ಕಟ್ಟಿಸಿ ಆಡಿಸುವ ಬಟ್ಟಲಾಟ ಈಗಲೂ ದೊಡ್ಡ ದೊಡ್ಡ ಊರುಗಳಲ್ಲಿ ನಡೆಯುತ್ತದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಇದಕ್ಕೆ ಹೆಸರುವಾಸಿ; ಅಲ್ಲಿಗೆ ಹೋದ ನಮ್ಮವರು ಬಿಗ್ ಬೆನ್ ಗಡಿಯಾರದ ಫೋಟೊ ತೆಗೆದು ತಿರುಗುವಷ್ಟರಲ್ಲಿ ನೆಲದ ಮೇಲೊಂದು ಚಾಪೆತುಂಡು, ಮೂರು ಬಟ್ಟಲು, ಸುತ್ತ ಒಂದು ಗುಂಪು ಕಣ್ಣಿಗೆ ಬೀಳುತ್ತದೆ. ಅಮೆರಿಕದಲ್ಲಿ ಹಿಂದೆ ಇದನ್ನು ಅಕ್ರೋಟಿನ ಚಿಪ್ಪು ಮತ್ತು ಬಟಾಣಿ ಕಾಳು ಇಟ್ಟುಕೊಂಡು ಆಡಿಸುತ್ತಿದ್ದರು. ಕಾಳು ಅಂದರೆ ನಿಜವಾದ ಕಾಳಲ್ಲ, ಒತ್ತಿದರೆ ತಗ್ಗುವ ರಬ್ಬರಿನದೋ ಸ್ಪಂಜಿನದೋ ಗುಂಡು. ಆಡಿಸುವವನು ಚಿಪ್ಪನ್ನು ಮುಂದಕ್ಕೆ ತಳ್ಳುತ್ತಾನಲ್ಲ, ಆಗ ಆ ಮೆತ್ತನೆ ಗುಂಡು ಚಿಪ್ಪಿನ ಹಿಂದಂಚಿನಡಿಯಿಂದ ಉರುಳಿ ಹೊರಗೆ ಬರುತ್ತದೆ. ಹೆಬ್ಬೆರಳು ಮತ್ತು ನಡುಬೆರಳಿನ ಸಂದಿ ಅದನ್ನು ಕಾದುಕೊಂಡೇ ಇರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಮೂರು ಚಿಪ್ಪಿನ ಅಡಿಯೂ ಖಾಲಿ. ನೀವು ಯಾವುದನ್ನು ತೋರಿಸಿದರೂ ಅವನು ಅದನ್ನು ಎತ್ತಿ ತೋರಿಸುತ್ತಾನೆ. ಮತ್ತೊಂದನ್ನು ಎತ್ತುವಾಗ ಬೆರಳಸಂದಿಯ ಗುಂಡನ್ನು ಅದರಡಿಗೆ ಜಾರಿಸುತ್ತಾನೆ. ಗುಂಡು ಅಲ್ಲೇ ಇತ್ತು, ನಾವೇ ಸರಿಯಾಗಿ ನೋಡಲಿಲ್ಲ ಎಂದುಕೊಂಡು ಸೋತವರು ಎದ್ದು ಹೋಗುತ್ತಾರೆ.

ಹೀಗೆ ತಮ್ಮ ಕಣ್ಣನ್ನೇ ಬೈದುಕೊಂಡು ಹೋಗುವುದು ಅನ್ಯಾಯ. ಮನುಷ್ಯನ ಕಣ್ಣು ಈ ಕೆಲಸದಲ್ಲಿ ಬಹಳ ಸಮರ್ಥ. 1988ರಲ್ಲಿ ಪಿಲಿಶಿನ್ ಮತ್ತು ಸ್ಟಾರ್ಮ್ ಎಂಬ ಇಬ್ಬರು ಸಂಶೋಧಕರು ಪರದೆಯ ಮೇಲೆ ಒಂದೇ ಥರದ ಗುರುತುಗಳನ್ನು ಅಡ್ಡಾದಿಡ್ಡಿ ಓಡಿಸಿ, ಅವುಗಳಲ್ಲಿ ಕೆಲವನ್ನು ಹಿಂಬಾಲಿಸುವಂತೆ ನೋಡುಗರಿಗೆ ಹೇಳಿದರು. ಸಾಧಾರಣ ಜನ ನಾಲ್ಕೈದು ಗುರುತುಗಳನ್ನು ಏಕಕಾಲಕ್ಕೆ ಸಾಕಷ್ಟು ನಿಖರವಾಗಿ ಹಿಂಬಾಲಿಸಿದರು. ಅಂದಮೇಲೆ ಮೂರು ಬಟ್ಟಲಿನಲ್ಲಿ ಒಂದನ್ನು ಹಿಂಬಾಲಿಸುವುದು ನಮಗೆ ಲೆಕ್ಕಕ್ಕೇ ಅಲ್ಲ. ಗಿಳಿಗೂ ಅದು ಲೆಕ್ಕಕ್ಕಿಲ್ಲ. ಗ್ರಿಫಿನ್ ಎಂಬ ಆಫ್ರಿಕದ ಬೂದುಗಿಳಿಗೆ ಹಾರ್ವರ್ಡಿನಲ್ಲಿ ಈ ಆಟ ಆಡಿಸಿದರು. ಬಣ್ಣಬಣ್ಣದ ಉಣ್ಣೆಯುಂಡೆಗಳ ಮೇಲೆ ಬಟ್ಟಲು ಮುಚ್ಚಿ, ಬಟ್ಟಲುಗಳನ್ನು ಅದಲುಬದಲು ಮಾಡಿ, ಇಂಥ ಬಣ್ಣದ್ದು ಎಲ್ಲಿದೆ ಎಂದು ಕೇಳಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 14 ಬಗೆಯ ಪರೀಕ್ಷೆಗಳಲ್ಲಿ 12ರಲ್ಲಿ ಗಿಳಿ ಅಲ್ಲಿನ ಕಾಲೇಜು ವಿದ್ಯಾರ್ಥಿಗಳಿಗೆ ಸರಿಸಮನಾಗಿ ಇಲ್ಲವೇ ಅವರಿಗಿಂತ ಚೆನ್ನಾಗಿ ಉತ್ತರಿಸಿತು. ಆರರಿಂದ ಎಂಟು ವರ್ಷದ ಮಕ್ಕಳನ್ನಂತೂ ಹಿಂದೆ ಹಾಕಿತು.

ಬೀದಿಯ ಮೋಸಗಾರನ ಬಂಡವಾಳ ಇದೇ. ಈ ಆಟದಲ್ಲಿ ನಾನು ಗೆಲ್ಲಬಲ್ಲೆ ಎಂಬ ನಮ್ಮ ನಂಬಿಕೆ ಸುಳ್ಳಲ್ಲ. ಆಟ ನೇರವಾಗಿದ್ದರೆ ನಿಜಕ್ಕೂ ಗೆಲ್ಲುತ್ತೇವೆ. ಆ ನ್ಯಾಯವಾದ ನಂಬಿಕೆಯನ್ನೇ ಹಿಡಿದುಕೊಂಡು ಅವನು ನಮ್ಮನ್ನು ಎಳೆಯುತ್ತಾನೆ.

ಬಟ್ಟಲಾಟಕ್ಕಿಂತ ಕ್ರೂರವಾದದ್ದು ಇಸ್ಪೀಟಿನ ಮೂರೆಲೆಯ ಆಟ. ಎರಡು ಕಪ್ಪು ಎಲೆ, ಒಂದು ಕೆಂಪು ರಾಣಿ. ಮೂರನ್ನೂ ಉದ್ದಕ್ಕೆ ಒಂದಿಷ್ಟು ಬಗ್ಗಿಸಿ, ಮಗುಚಿ ಹಾಕಿ, ಆಡಿಸುತ್ತಾನೆ. ಒಂದು ಕೈಯಲ್ಲಿ ಎರಡೆಲೆ ಹಿಡಿದಿರುವಾಗ ಕೆಳಗಿನದು ಬಿತ್ತು ಎಂದು ನಮಗೆ ಕಾಣುತ್ತದೆ, ಬಿದ್ದಿರುವುದು ಮೇಲಿನದು. ಇಷ್ಟೇ ಆಗಿದ್ದರೆ ಅದು ಬರೀ ಕೈಚಳಕ. ಆದರೆ ಗುಂಪಿನಲ್ಲಿ ಅವನ ಕಡೆಯವರೇ ಮೂರ್ನಾಲ್ಕು ಜನ ಇರುತ್ತಾರೆ. ಒಬ್ಬ ಗೆಲ್ಲುತ್ತಾನೆ, ಒಬ್ಬ ಮೂರ್ಖನಂತೆ ಸೋಲುತ್ತಾನೆ, ಒಬ್ಬ ಪೊಲೀಸರು ಬರುವ ದಾರಿ ಕಾಯುತ್ತಾನೆ. ಆಡಿಸುವವನು ಯಾರೋ ಕರೆದರೆಂದು ಆಚೆ ತಿರುಗುತ್ತಾನೆ. ಆ ಗಳಿಗೆಯಲ್ಲಿ ಪಕ್ಕದವನು ರಾಣಿಯ ಎಲೆ ಎತ್ತಿ, ನಮಗೆ ತೋರಿಸಿ, ಅದರ ಮೂಲೆಯನ್ನು ಚೂರು ಮಡಚಿ, ಕಣ್ಣು ಹೊಡೆದು ಇಟ್ಟುಬಿಡುತ್ತಾನೆ. ಈಗ ನಮಗೆ ಗುರುತು ಸಿಕ್ಕಿತು. ಆಡಿಸುವವನು ತಿರುಗಿ ಬಂದು ಏನೂ ಕಾಣದವನಂತೆ ಎಲೆ ಎಸೆಯುತ್ತಾನೆ. ಜೇಬಿನಲ್ಲಿದ್ದಷ್ಟನ್ನೂ ನಾವು ಮೂಲೆ ಮಡಚಿದ ಎಲೆಯ ಮೇಲೆ ಕಟ್ಟುತ್ತೇವೆ. ಮಗುಚಿದರೆ ಕಪ್ಪು. ಎಸೆಯುವ ಭರದಲ್ಲಿ ಅವನು ರಾಣಿಯ ಮೂಲೆಯನ್ನು ನೆಟ್ಟಗೆ ಮಾಡಿ ಇನ್ನೊಂದರ ಮೂಲೆಯನ್ನು ಮಡಚಿರುತ್ತಾನೆ.

ಇದನ್ನು ನಾನು ಮನುಷ್ಯರು ಕಂಡುಹಿಡಿದ ಅತಿ ನೀಚ ಉಪಾಯಗಳಲ್ಲಿ ಒಂದೆಂದು ತಿಳಿದಿದ್ದೇನೆ. ದುಡ್ಡು ಹೋದದ್ದು ಒಂದು ಕಡೆಗಿರಲಿ. ಆಡಿಸುವವನ ಬೆನ್ನ ಹಿಂದೆ ತಾನೂ ಮೋಸಕ್ಕೆ ಕೈಜೋಡಿಸಿದ್ದೆ ಎಂಬ ನಾಚಿಕೆಯಿಂದ ಸೋತವನು ಯಾರ ಬಳಿಯೂ ದೂರು ಹೇಳಲಾರ. ಬಾಯಿಗೆ ಬೀಗ ಹಾಕಿಯೇ ಕಳಿಸುತ್ತಾರೆ.

ಅಮೆರಿಕದ ಜೆಫರ್ಸನ್ ರಾಂಡಾಲ್ಫ್ ಸ್ಮಿತ್ ಎಂಬವನು ಇಂಥ ಗುಂಪಿನ ನಾಯಕ. ಡೆನ್ವರ್ ಊರಿನಲ್ಲಿ ಅವನು ಸಾಬೂನು ಮಾರುತ್ತಿದ್ದ. ಕೆಲವು ಬಿಲ್ಲೆಗಳಿಗೆ ಜನರೆದುರೇ ನೋಟು ಸುತ್ತಿ, ಅದರ ಮೇಲೆ ಕಾಗದ ಸುತ್ತಿ, ಉಳಿದವುಗಳೊಡನೆ ಬೆರೆಸಿ, ಒಂದೊಂದನ್ನೂ ಹೆಚ್ಚಿನ ಬೆಲೆಗೆ ಮಾರುವುದು ಅವನ ವರಸೆ. ಎಲ್ಲ ಬಿಲ್ಲೆಯೂ ಹೊರಗಿನಿಂದ ಒಂದೇ ಥರ. ನೋಟು ಸಿಗುತ್ತಿದ್ದದ್ದು ಮಾತ್ರ ಅವನ ಕಡೆಯವರಿಗೆ. ಸೋಪಿ ಸ್ಮಿತ್ ಎಂಬ ಹೆಸರು ಬಂದದ್ದು ಹಾಗೆ. ಚಿನ್ನದ ಆಸೆಗೆ ಜನ ಕ್ಲಾಂಡೈಕಿಗೆ ಮುಗಿಬಿದ್ದ ಕಾಲದಲ್ಲಿ ಅವನು ಅಲಾಸ್ಕದ ಸ್ಕ್ಯಾಗ್ವೆ ಸೇರಿದ. ಅಲ್ಲಿ ಅವನ ಗುಂಪು ಗಣಿಯಿಂದ ಚಿನ್ನ ತಂದಿದ್ದವನೊಬ್ಬನನ್ನು ಮೂರೆಲೆಗೆ ಕೂರಿಸಿ ಚೀಲವನ್ನೇ ಲಪಟಾಯಿಸಿತು. ಊರು ತಿರುಗಿಬಿತ್ತು. 1898ರ ಜುಲೈ 8ರ ಸಂಜೆ ಹಡಗುಕಟ್ಟೆಯ ಮೇಲೆ ನಡೆದ ಗುಂಡಿನ ಕಾಳಗದಲ್ಲಿ ಸ್ಮಿತ್ ಸತ್ತ.

ಗುರುತು ಮಾಡುವ ವಿಷಯ ಬಂತಲ್ಲ, ಹಳೆಯ ಕಥೆಗಳು ಅದನ್ನು ಎಷ್ಟು ಬಗೆಯಲ್ಲಿ ಬಳಸಿಕೊಂಡಿವೆ ಎಂದು ನೋಡಿದರೆ ಬೆರಗಾಗುತ್ತದೆ. ರಾಮಾಯಣದಲ್ಲಿ ವಾಲಿ ಸುಗ್ರೀವರು ಕಾದುವಾಗ ಇಬ್ಬರೂ ಒಂದೇ ಥರ ಕಂಡು, ರಾಮ ಬಾಣ ಹೂಡಿ ನಿಂತವನು ಬಿಡಲಾರದೆ ಹೋಗುತ್ತಾನೆ. ಪೆಟ್ಟು ತಿಂದು ಬಂದ ಸುಗ್ರೀವನ ಕೊರಳಿಗೆ ಲಕ್ಷ್ಮಣ ಗಜಪುಷ್ಪದ ಬಳ್ಳಿ ಕಟ್ಟುತ್ತಾನೆ. ಆಮೇಲೆ ಗೊಂದಲವಿಲ್ಲ. ಇದು ನೇರವಾದ ಗುರುತು. ಆಲಿಬಾಬಾನ ಕಥೆಯಲ್ಲಿ ಕಳ್ಳನು ಮನೆಬಾಗಿಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿಹೋದರೆ, ಮನೆಯ ದಾಸಿ ಮಾರ್ಜಾನ ಅದನ್ನು ಅಳಿಸುವುದಿಲ್ಲ. ನೆರೆಮನೆಗಳ ಬಾಗಿಲಿಗೆಲ್ಲ ಅದೇ ಗುರುತು ಹಾಕಿ ಒಳಗೆ ಬರುತ್ತಾಳೆ. ಎರಡನೆಯ ಕಳ್ಳ ಕೆಂಪು ಬಣ್ಣದಿಂದ, ಯಾರಿಗೂ ಕಾಣದ ಮೂಲೆಯಲ್ಲಿ ಹಾಕಿದರೆ ಅದನ್ನೂ ಹಾಗೆಯೇ ಹಂಚುತ್ತಾಳೆ. ಅಳಿಸಿದ್ದರೆ ಕಳ್ಳ ಮತ್ತೆ ಬಂದು ಗುರುತು ಹಾಕುತ್ತಿದ್ದ. ಹಂಚಿದ್ದರಿಂದ ಗುರುತಿಗೆ ಅರ್ಥವೇ ಇಲ್ಲದಂತಾಯಿತು. ಮೂರೆಲೆಯವನು ಗುರುತನ್ನು ಸ್ಥಳಾಂತರಿಸಿ ಸುಲಿಯುತ್ತಾನೆ, ಮಾರ್ಜಾನ ಹೆಚ್ಚಿಸಿ ಕಾಪಾಡುತ್ತಾಳೆ. ವಿದ್ಯೆ ಹೆಚ್ಚುಕಡಿಮೆ ಒಂದೇ. ಅವಳನ್ನು ನಾವು ಜಾಣೆ ಎನ್ನುತ್ತೇವೆ, ಅವನನ್ನು ಕಳ್ಳ ಎನ್ನುತ್ತೇವೆ, ಎರಡೂ ಸರಿ.

ಹಾಗಾದರೆ ಸಂತೆಯ ಗಾರುಡಿಗ ಯಾರು? ನಮ್ಮ ಕಡೆಯ ಸಂತೆಗೆ ಬರುತ್ತಿದ್ದ ಗಾರುಡಿಗನ ಬಟ್ಟಲುಗಳು ನನಗೆ ಚೆನ್ನಾಗಿ ನೆನಪಿವೆ. ಮರದವು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು, ತಲೆಯ ಮೇಲೆ ಒಂದೊಂದು ಗುಬಟು. ಆ ಗುಬಟನ್ನು ಎರಡು ಬೆರಳ ನಡುವೆ ಸಿಕ್ಕಿಸಿಕೊಂಡು ಎತ್ತಬೇಕು. ಭಾರತದ ಜಾದೂಗಾರರ ಬಟ್ಟಲು ಲಾಗಾಯ್ತಿನಿಂದ ಹೀಗೆಯೇ. ಪಡುವಣದವರದು ಲೋಟದಂತೆ ಎತ್ತರ. ಹಿಡಿದು ಹಿಡಿದು ನಮ್ಮ ಗಾರುಡಿಗನ ಗುಬಟುಗಳು ಕರ್ರಗೆ ಮಿರುಗುತ್ತಿದ್ದವು. ಗೋಲಿಗಳು ಬಟ್ಟೆ ಸುತ್ತಿ ಹೊಲಿದವು. ಮೇಜಿಲ್ಲ, ಪರದೆಯಿಲ್ಲ, ನಾಲ್ಕೂ ಸುತ್ತ ಜನ, ಮಟಮಟ ಮಧ್ಯಾಹ್ನದ ಬೆಳಕು. ಅಂಗಿಯ ತೋಳನ್ನು ಮೊಣಕೈ ತನಕ ಮಡಚಿಕೊಂಡು ಆಡುತ್ತಿದ್ದ. ಒಂದರಡಿ ಇದ್ದ ಗೋಲಿ ಮೂರರಡಿ ಒಂದೊಂದಾಗುತ್ತಿತ್ತು, ಮೂರೂ ಒಂದರಡಿ ಕೂಡುತ್ತಿದ್ದವು, ಕೊನೆಗೆ ಬಟ್ಟಲೆತ್ತಿದರೆ ಹಸಿರು ನಿಂಬೆಹಣ್ಣು. ಯಾರಿಂದಲೂ ಪಣ ಕಟ್ಟಿಸುತ್ತಿರಲಿಲ್ಲ. ಆಟ ಮುಗಿದ ಮೇಲೆ ಬಟ್ಟೆ ಹಾಸಿ, ಕೊಟ್ಟವರ ಕಾಸು ತೆಗೆದುಕೊಂಡು ಹೋಗುತ್ತಿದ್ದ.

ಕೈಯ ಕೆಲಸ ಒಂದೇ ಆದರೂ ಇವನು ಕಳ್ಳನಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ತತ್ತ್ವಜ್ಞಾನಿ ಸೆನೆಕಾ ತನ್ನ ಗೆಳೆಯ ಲೂಸಿಲಿಯಸನಿಗೆ ಬರೆದ 45ನೆಯ ಪತ್ರದಲ್ಲಿ ಬಟ್ಟಲು ಮತ್ತು ಹರಳಿನ ಈ ಆಟವನ್ನು ನೆನೆಯುತ್ತಾನೆ. ಅದರಲ್ಲಿ ಮರುಳಾಗುವುದೇ ಸುಖ, ಹೇಗೆ ಮಾಡುತ್ತಾರೆಂದು ತಿಳಿದರೆ ಸ್ವಾರಸ್ಯ ಹೋಯಿತು ಎಂಬುದು ಅವನ ಅಭಿಪ್ರಾಯ. ಮೊದಲ ಅರ್ಧವನ್ನು ನಾನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪುವುದಿಲ್ಲ. ಅಮೆರಿಕದ ಜಾದೂಗಾರರ ಜೋಡಿ ಪೆನ್ ಮತ್ತು ಟೆಲ್ಲರ್ ಇದೇ ಆಟವನ್ನು ಪಾರದರ್ಶಕ ಪ್ಲಾಸ್ಟಿಕ್ ಲೋಟಗಳಲ್ಲಿ ಆಡಿ ತೋರಿಸಿದ್ದಾರೆ. ಗೋಲಿ ಯಾವಾಗ ಒಳಗೆ ಹೋಯಿತು, ಯಾವ ಕೈಯಲ್ಲಿ ಅಡಗಿತು, ಎಲ್ಲವೂ ಲೋಟದ ಮೂಲಕ ಕಾಣುತ್ತದೆ. ಆದರೂ ಕಣ್ಣು ಆ ವೇಗವನ್ನು ಹಿಡಿಯಲಾರದು, ಮತ್ತೆ ಮತ್ತೆ ಬೆರಗಾಗುತ್ತದೆ. ಗುಟ್ಟು ತಿಳಿದ ಮೇಲೆ ಉಳಿಯುವ ಆ ಬೆರಗು ಗುಟ್ಟಿನದಲ್ಲ, ಅಷ್ಟು ವರ್ಷ ಪಳಗಿದ ಕೈಯದು.

ಇದೇ ಕೈ ಕಳ್ಳನ ಕೈಯೂ ಆಗಬಲ್ಲದು ಎನ್ನುವುದನ್ನು ಡಚ್ ಚಿತ್ರಕಾರ ಹಿಯರೋನಿಮಸ್ ಬಾಷ್ ಐನೂರು ವರ್ಷದ ಹಿಂದೆಯೇ ಕಂಡಿದ್ದ. ಅವನದು ಅಥವಾ ಅವನ ಶಿಷ್ಯರದು ಎನ್ನಲಾದ ‘ಜಾದೂಗಾರ’ ಎಂಬ ಚಿತ್ರದಲ್ಲಿ ಮೇಜಿನ ಮೇಲೆ ಬಟ್ಟಲು, ಗೋಲಿ. ಒಬ್ಬ ನೋಡುಗ ಬಗ್ಗಿ ಬಗ್ಗಿ ನೋಡುತ್ತಿದ್ದಾನೆ. ಅವನ ಬೆನ್ನ ಹಿಂದೆ ನಿಂತವನೊಬ್ಬ ಮುಖವನ್ನು ಆಕಾಶಕ್ಕೆತ್ತಿ, ಕೈಯಿಂದ ಅವನ ದುಡ್ಡಿನ ಚೀಲವನ್ನು ಬಿಡಿಸಿಕೊಳ್ಳುತ್ತಿದ್ದಾನೆ. ಪ್ಯಾರಿಸ್ ಬಳಿಯ ಸೇಂಟ್ ಜರ್ಮೇನ್ ಆನ್ ಲೇ ಎಂಬ ಊರಿನಲ್ಲಿರುವ ಈ ಚಿತ್ರವನ್ನೇ 1978ರಲ್ಲಿ ಕದ್ದರು, ಮರುವರ್ಷ ಸಿಕ್ಕಿತು.

ದುಃಖದ ಸಂಗತಿಯೆಂದರೆ, ಕಾನೂನು ಬಹಳ ಕಾಲ ಸಂತೆಯ ಗಾರುಡಿಗನನ್ನು ಭಿಕ್ಷುಕನಿಂದ ಬೇರೆಯಾಗಿ ಕಾಣಲಿಲ್ಲ. ದೆಹಲಿಗೂ ಅನ್ವಯವಾಗಿದ್ದ 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ ಬೀದಿಯಲ್ಲಿ ಹಾಡಿ, ಕುಣಿದು, ಪ್ರದರ್ಶನ ನೀಡಿ ಕಾಸು ಕೇಳುವುದನ್ನೂ ಭಿಕ್ಷೆಯ ಲೆಕ್ಕಕ್ಕೇ ಸೇರಿಸಿತ್ತು. ದೆಹಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿದ್ದು 2018ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಜಾದೂಗಾರರು, ಗೊಂಬೆಯಾಟದವರು ಬಾಳಿ ಬದುಕಿದ್ದ ದೆಹಲಿಯ ಕಠಪುತ್ಲಿ ಕಾಲೊನಿಯನ್ನು ನೆಲಸಮ ಮಾಡಿಯಾಗಿತ್ತು. ಆ ಗುಬಟಿನ ಬಟ್ಟಲುಗಳು ಯಾವ ಮನೆಯ ಅಟ್ಟ ಸೇರಿವೆಯೋ ಎಂದು ಯೋಚಿಸಿದಾಗಲೆಲ್ಲ ಹೊಟ್ಟೆ ಚುರುಕ್ಕೆನ್ನುತ್ತದೆ.

ಇನ್ನು ಕಥೆ, ಸಿನಿಮಾ. ಕಥೆಗಾರನೂ ಬಟ್ಟಲು ಆಡಿಸುವವನೇ, ಆದರೆ ಅವನಿಗೊಂದು ಕಟ್ಟಳೆ ಇದೆ: ಕೊನೆಗೆ ಬಟ್ಟಲು ಎತ್ತಲೇಬೇಕು, ಅಡಿಯಲ್ಲಿ ಗೋಲಿ ಇರಲೇಬೇಕು. ಬೆರಳಸಂದಿಯಲ್ಲಿ ಉಳಿಸಿಕೊಂಡು ಎದ್ದುಹೋಗುವ ಹಾಗಿಲ್ಲ.

ಕೆಲವರು ಮೊದಲಿಗೇ ಪಾರದರ್ಶಕ ಲೋಟ ಇಟ್ಟುಬಿಡುತ್ತಾರೆ. ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ಅಂಥದು. ಎರಡು ಜೋಡಿ ಅವಳಿಗಳು, ಯಾರು ಯಾರೆಂದು ನಮಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಈಶ್ವರಚಂದ್ರ ವಿದ್ಯಾಸಾಗರರು ಅದನ್ನು ಬಂಗಾಳಿಯಲ್ಲಿ ‘ಭ್ರಾಂತಿವಿಲಾಸ’ ಮಾಡಿದರು, ಬಿ. ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೆ ತಂದರು, 1997ರಲ್ಲಿ ಎನ್.ಎಸ್. ಶಂಕರ್ ನಿರ್ದೇಶನದ ‘ಉಲ್ಟಾ ಪಲ್ಟಾ’ ಆಗಿ ಅದೇ ಕಥೆ ಕನ್ನಡದ ಪರದೆಗೂ ಬಂತು. ರಾಜ್‌ಕುಮಾರ್ ಮೂರು ಪಾತ್ರ ಮಾಡಿದ 1978ರ ‘ಶಂಕರ್ ಗುರು’ವಿನಲ್ಲೂ ನಮಗೆ ಸಿಗುವ ಖುಷಿ ಇದೇ ಬಗೆಯದು. ಇಲ್ಲಿ ಯಾರೂ ನಮಗೆ ಮೋಸ ಮಾಡುತ್ತಿಲ್ಲ, ಆಟದ ಹಿಂಬದಿಯಲ್ಲಿ ಕೂರಿಸಿಕೊಂಡು ತೋರಿಸುತ್ತಿದ್ದಾರೆ.

ನನಗೆ ಹೆಚ್ಚು ಇಷ್ಟವಾದವು ಮುಚ್ಚಿದ ಬಟ್ಟಲಿನ ಕಥೆಗಳು. ಕಾನನ್ ಡಾಯ್ಲನ ‘ನೀಲಿ ಮಾಣಿಕ್ಯ’ದ ಕಳ್ಳ ರೈಡರ್ ಕದ್ದ ಹರಳನ್ನು ಸೋದರಿಯ ಮನೆಯ ಹೆಬ್ಬಾತಿನ ಗಂಟಲಿಗೆ ತುರುಕುತ್ತಾನೆ. ಬಿಳಿಯ ಹಕ್ಕಿ, ಬಾಲದ ಮೇಲೆ ಪಟ್ಟೆ. ಅದು ಕೈತಪ್ಪಿ ಹಿಂಡಿಗೆ ಸೇರುತ್ತದೆ. ಮತ್ತೆ ಹಿಡಿದು ತಂದು ಕೊಯ್ದರೆ ಹರಳಿಲ್ಲ. ಬಾಲಕ್ಕೆ ಪಟ್ಟೆ ಇದ್ದ ಹಕ್ಕಿಗಳು ಎರಡಿದ್ದವು. ತನ್ನ ಕೈಯಾರೆ ಗೋಲಿ ಅಡಗಿಸಿದವನೇ ಅದು ಯಾವ ಬಟ್ಟಲಿನಡಿ ಹೋಯಿತೆಂದು ತಿಳಿಯದೆ ಲಂಡನ್ ತುಂಬ ಅಲೆಯುವುದನ್ನು ಓದುವಾಗ ಸಿಗುವ ತೃಪ್ತಿ ಬೇರೆ. ಇಲ್ಫ್ ಮತ್ತು ಪೆತ್ರೋವ್ ಬರೆದ ರಷ್ಯದ ಕಾದಂಬರಿ ‘ಹನ್ನೆರಡು ಕುರ್ಚಿಗಳು’ 1928ರದು. ಒಂದೇ ಥರದ ಹನ್ನೆರಡು ಕುರ್ಚಿಗಳಲ್ಲಿ ಒಂದರ ದಿಂಬಿನೊಳಗೆ ಒಡವೆ. ಕ್ರಾಂತಿಯ ನಂತರ ಕುರ್ಚಿಗಳು ದೇಶದ ತುಂಬ ಚದುರಿಹೋಗಿವೆ. ಇಬ್ಬರು ದುರಾಸೆಯವರು ಒಂದೊಂದನ್ನೇ ಹುಡುಕಿ ಹರಿಯುತ್ತಾ ಹೋಗುತ್ತಾರೆ. ಕೊನೆಯ ಕುರ್ಚಿಯ ಒಡವೆ ಅವರಿಗಿಂತ ಮೊದಲೇ ಸಿಕ್ಕಿ, ಅದರ ದುಡ್ಡಿನಲ್ಲಿ ರೈಲ್ವೆ ಕಾರ್ಮಿಕರಿಗೆ ಕ್ಲಬ್ಬು ಕಟ್ಟಿಯಾಗಿದೆ. ಇಡೀ ಕಟ್ಟಡವೇ ಕಣ್ಣೆದುರು ನಿಂತಿದೆ, ಎತ್ತಿಕೊಳ್ಳಲು ಏನೂ ಇಲ್ಲ. ಬಟ್ಟಲೆತ್ತುವುದರಲ್ಲಿ ಇದಕ್ಕಿಂತ ದೊಡ್ಡ ಧೈರ್ಯವನ್ನು ನಾನು ಕಂಡಿಲ್ಲ.

ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ನಲ್ಲಿ ಪುಡ್ಡಿಂಗಿನ ಪ್ರಸಂಗವಿದೆ. ಚಿತ್ರ ಬಂದದ್ದು 1940ರಲ್ಲಿ, ಹಿಟ್ಲರ್ ಇನ್ನೂ ಗೆಲ್ಲುತ್ತಲೇ ಇದ್ದ ಕಾಲ. ಯಹೂದಿ ಕೇರಿಯ ಒಂದು ಮನೆಯಲ್ಲಿ ಐದು ಮಂದಿ ಗಂಡಸರು ಊಟಕ್ಕೆ ಕೂತಿದ್ದಾರೆ. ಸರ್ವಾಧಿಕಾರಿಯ ಅರಮನೆಗೆ ಸಿಡಿಮದ್ದು ಇಡಲು ಒಬ್ಬ ಪ್ರಾಣ ಕೊಡಬೇಕು. ಯಾರೆಂದು ತೀರ್ಮಾನಿಸಲು ಒಂದು ಪುಡ್ಡಿಂಗಿನೊಳಗೆ ನಾಣ್ಯ ಅಡಗಿಸಲಾಗಿದೆ, ಅದು ಸಿಕ್ಕವನು ಹೊರಡಬೇಕು. ಅವರಲ್ಲೊಬ್ಬ ಕ್ಷೌರಿಕ. ಅವನಿಗೆ ನಾಣ್ಯ ಸಿಗುತ್ತದೆ. ಮೆಲ್ಲಗೆ ಪಕ್ಕದವನ ತಟ್ಟೆಗೆ ದಾಟಿಸುತ್ತಾನೆ. ಆಚೆಯವನೂ ಅದನ್ನೇ ಮಾಡುತ್ತಾನೆ. ನಾಣ್ಯಗಳು ಮೇಜಿನ ಸುತ್ತ ಓಡಾಡಿ ಮತ್ತೆ ಕ್ಷೌರಿಕನ ತಟ್ಟೆಗೇ ಬಂದಾಗ ಅವನು ಒಂದಾದ ಮೇಲೊಂದು ನುಂಗುತ್ತಾನೆ. ಬಿಕ್ಕಳಿಕೆ ಬಂದಾಗ ಹೊಟ್ಟೆಯೊಳಗಿನ ನಾಣ್ಯಗಳು ಝಲ್ಲೆನ್ನುತ್ತವೆ. ನಾವು ನಗುತ್ತೇವೆ, ಆದರೆ ಆ ಮೇಜಿನ ಸುತ್ತ ಕೂತವರ ಹೆದರಿಕೆ ನಿಜವಾದದ್ದು, ಅವರ ಸಾವೂ ಹತ್ತಿರದಲ್ಲೇ ಇತ್ತು. ನಾಣ್ಯ ಇಟ್ಟವಳು ಹ್ಯಾನಾ ಎಂಬ ಹುಡುಗಿ. ಅವಳು ಪ್ರತಿಯೊಂದು ಪುಡ್ಡಿಂಗಿನಲ್ಲೂ ಒಂದೊಂದು ನಾಣ್ಯ ಇಟ್ಟಿದ್ದಳು. ಈ ಹುಚ್ಚು ಕೆಲಸಕ್ಕೆ ಯಾರೂ ಸಾಯಬಾರದು ಎಂಬುದು ಅವಳ ಇಚ್ಛೆ. ತಟ್ಟೆಗಳನ್ನೇ ನೋಡುತ್ತ ಕೂತ ಐವರಿಗೂ, ಬಡಿಸಿದವಳ ಮನಸ್ಸಿನಲ್ಲಿ ಏನಿದೆ ಎಂಬ ಯೋಚನೆಯೇ ಬರಲಿಲ್ಲ.

‘ಪ್ರಿನ್ಸೆಸ್ ಬ್ರೈಡ್’ ಎಂಬ 1987ರ ಚಿತ್ರದಲ್ಲೂ ಹೀಗೆಯೇ. ಎರಡು ಪಾನಪಾತ್ರೆ, ವಿಷ ಯಾವುದರಲ್ಲಿದೆ ಎಂದು ಬುದ್ಧಿವಂತನೊಬ್ಬ ತರ್ಕದ ಮೇಲೆ ತರ್ಕ ಹೂಡುತ್ತಾನೆ, ಎದುರಾಳಿಯ ಗಮನ ಬೇರೆಡೆ ಸೆಳೆದು ಪಾತ್ರೆಗಳನ್ನು ಅದಲುಬದಲೂ ಮಾಡುತ್ತಾನೆ, ಕುಡಿಯುತ್ತಾನೆ, ಸಾಯುತ್ತಾನೆ. ವಿಷ ಎರಡರಲ್ಲೂ ಇತ್ತು. ಎದುರಾಳಿ ಅದನ್ನು ಬಹುಕಾಲದಿಂದ ಮೈಗೆ ಒಗ್ಗಿಸಿಕೊಂಡಿದ್ದ. ಬುದ್ಧಿವಂತನು ಪಾತ್ರೆಗಳ ಬಗ್ಗೆ ಇಷ್ಟೆಲ್ಲ ಯೋಚಿಸಿದವನು, ಎದುರಿಗೆ ಕೂತ ಮನುಷ್ಯ ಇಷ್ಟು ನಿಶ್ಚಿಂತೆಯಿಂದ ಯಾಕಿದ್ದಾನೆ ಎಂದು ಒಂದು ಗಳಿಗೆ ಯೋಚಿಸಿದ್ದರೆ ಬದುಕುತ್ತಿದ್ದ.

ಇಷ್ಟನ್ನೆಲ್ಲ ನೋಡಿ, ಓದಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಇದು: ಒಂದೇ ಥರದ ವಸ್ತುಗಳನ್ನು ಕಣ್ಣೆದುರು ತಿರುಗಿಸುವ ಆಟದಲ್ಲಿ ಉತ್ತರ ವಸ್ತುಗಳಲ್ಲಿ ಇರುವುದಿಲ್ಲ, ತಿರುಗಿಸುವವನಲ್ಲಿ ಇರುತ್ತದೆ. ಇದನ್ನು ಎಲ್ಲರಿಗಿಂತ ಮೊದಲೇ, ಎಲ್ಲರಿಗಿಂತ ಚೆನ್ನಾಗಿ ಕಂಡುಕೊಂಡವಳು ದಮಯಂತಿ.

ಮಹಾಭಾರತದ ವನಪರ್ವದಲ್ಲಿ ಬರುವ ಆ ಕಥೆ ಕನಕದಾಸರ ಭಾಮಿನಿ ಷಟ್ಪದಿಯ ‘ನಳಚರಿತ್ರೆ’ಯಿಂದ, ಯಕ್ಷಗಾನದಿಂದ ನಮ್ಮ ಮನೆಮಾತಾಗಿದೆ. ಸ್ವಯಂವರದ ಮಂಟಪ. ದಮಯಂತಿ ಮಾಲೆ ಹಿಡಿದು ಬರುತ್ತಾಳೆ. ನಳನನ್ನು ವರಿಸಬೇಕೆಂದು ಮೊದಲೇ ನಿಶ್ಚಯಿಸಿದವಳು. ಅಲ್ಲಿ ಐದು ಜನ ನಳರು ಕೂತಿದ್ದಾರೆ. ಇಂದ್ರ, ಅಗ್ನಿ, ವರುಣ, ಯಮ, ನಾಲ್ವರೂ ನಳನ ರೂಪ ಹೊತ್ತು ಬಂದಿದ್ದಾರೆ. ನಾನು ನೋಡಿದ ಒಂದು ಯಕ್ಷಗಾನದಲ್ಲಿ ಐದೂ ವೇಷಗಳನ್ನು ಒಂದೇ ಬಗೆಯಲ್ಲಿ ಕಟ್ಟಿದ್ದರು. ಅದೇ ಮುಂಡಾಸು, ಅದೇ ಬಣ್ಣ, ಅದೇ ಹೆಜ್ಜೆ. ಚೆಂಡೆ ನಿಂತು ಮದ್ದಳೆ ಮಾತ್ರ ಮೆಲ್ಲಗೆ ನುಡಿಯುತ್ತಿತ್ತು. ಸ್ತ್ರೀವೇಷದ ಕಲಾವಿದರು ಒಬ್ಬೊಬ್ಬರ ಮುಂದೆಯೂ ನಿಂತು, ಮಾಲೆಯನ್ನು ಅರ್ಧ ಎತ್ತಿ, ಇಳಿಸಿ, ಮುಂದಿನವರತ್ತ ಹೋಗುತ್ತಿದ್ದರು. ಐದನೆಯವನಿಂದ ಮತ್ತೆ ಮೊದಲನೆಯವನ ಬಳಿಗೆ ಬಂದಾಗ ಅವರ ಕೈ ನಡುಗಿತು. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬರು ‘ಅಯ್ಯೋ ಮಗಳೇ’ ಎಂದು ಗಟ್ಟಿಯಾಗಿಯೇ ಅಂದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ, ದೇವತೆಗಳಿಗೆ ಬೆವರಿಲ್ಲ, ರೆಪ್ಪೆ ಬಡಿಯುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ದಮಯಂತಿ ಗುರುತಿಸಿದಳು ಎಂದು ಹೇಳಿ ಮುಗಿಸುತ್ತಾರೆ. ಮೂಲದಲ್ಲಿರುವುದು ಅದಕ್ಕಿಂತ ದೊಡ್ಡದು. ದೇವತೆಗಳ ಲಕ್ಷಣ ಏನೆಂದು ಹಿರಿಯರಿಂದ ಕೇಳಿ ದಮಯಂತಿಗೆ ಮೊದಲೇ ಗೊತ್ತು. ಅವುಗಳನ್ನು ಹುಡುಕುತ್ತಾಳೆ. ಐವರಲ್ಲಿ ಒಬ್ಬರಲ್ಲೂ ಅವು ಕಾಣುವುದಿಲ್ಲ. ಕಣ್ಣಿನ ಕೆಲಸ ಅಲ್ಲಿಗೆ ಮುಗಿಯಿತು. ಆಗ ಅವಳು ನೋಡುವುದನ್ನು ಬಿಟ್ಟು ಕೈಮುಗಿಯುತ್ತಾಳೆ. ಮನಸ್ಸಿನಿಂದಲೂ ಮಾತಿನಿಂದಲೂ ನಾನು ನಳನನ್ನಲ್ಲದೆ ಬೇರೆಯವರನ್ನು ಬಯಸಿದವಳಲ್ಲ ಎಂಬುದು ಸತ್ಯವಾದರೆ, ಆ ಸತ್ಯದ ಮೇಲೆ, ದೇವತೆಗಳೇ ನಿಮ್ಮ ನಿಜರೂಪ ತೋರಿಸಿ ಎಂದು ಬೇಡುತ್ತಾಳೆ. ಆಟವನ್ನು ಬಿಟ್ಟು ಆಟ ಹೂಡಿದವರನ್ನೇ ನೇರವಾಗಿ ಮಾತಾಡಿಸುತ್ತಾಳೆ. ಅವರು ಕರಗುತ್ತಾರೆ. ಅವಳ ನಿಷ್ಠೆ ಕಂಡು ತಾವಾಗಿಯೇ ಲಕ್ಷಣಗಳನ್ನು ತೋರುತ್ತಾರೆ. ಬೆವರಿಲ್ಲದ ಮೈ, ಅಲುಗದ ರೆಪ್ಪೆ, ಬಾಡದ ಹೂಮಾಲೆ, ನೆಲಕ್ಕೆ ತಾಗದ ಪಾದ.

ಆಗ ಉಳಿದ ಒಬ್ಬನಲ್ಲಿ ಕಾಣುವುದೇನು? ಬೆವರು, ಧೂಳು, ಬಾಡಿದ ಮಾಲೆ, ಮಿಟುಕುವ ಕಣ್ಣು, ನೆಲದ ಮೇಲೆ ಬಿದ್ದ ನೆರಳು. ದಮಯಂತಿ ಮಾಲೆ ಹಾಕುವುದು ಆ ಬೆವರಿದ ಕೊರಳಿಗೆ. ಸಾವಿಲ್ಲದ ನಾಲ್ವರು ಪಕ್ಕದಲ್ಲೇ ಕೂತಿರುವಾಗ ಮುಪ್ಪಾಗುವ, ಸಾಯುವ ಒಬ್ಬನನ್ನು ಗುರುತಿಸಿ ಆರಿಸಿಕೊಳ್ಳುತ್ತಾಳೆ. ಚ್ಯವನನ ಹೆಂಡತಿ ಸುಕನ್ಯೆಯ ಕಥೆಯಲ್ಲೂ ಇಂಥದೇ ಪರೀಕ್ಷೆ ಬರುತ್ತದೆ. ಸರೋವರದಲ್ಲಿ ಮುಳುಗಿ ಒಂದೇ ರೂಪದಲ್ಲಿ ಎದ್ದ ಮೂವರಲ್ಲಿ ಅವಳು ಅಶ್ವಿನೀದೇವತೆಗಳನ್ನು ಬಿಟ್ಟು ಗಂಡನನ್ನೇ ಆರಿಸುತ್ತಾಳೆ. ಆದರೆ ಬೆವರು, ಧೂಳು, ನೆರಳುಗಳ ಆ ಪಟ್ಟಿ ದಮಯಂತಿಯ ಕಥೆಗೆ ಮಾತ್ರ ಸಿಕ್ಕ ಭಾಗ್ಯ. ಜಗತ್ತಿನಲ್ಲಿ ಬರೆದ, ಆಡಿದ, ಚಿತ್ರೀಕರಿಸಿದ ಎಲ್ಲ ಅದಲುಬದಲಿನ ಕಥೆಗಳನ್ನು ಒಂದು ಕಡೆ ಇಟ್ಟು ಇದೊಂದನ್ನು ಇನ್ನೊಂದು ಕಡೆ ಇಟ್ಟರೂ ನಾನು ಆರಿಸುವುದು ಇದನ್ನೇ.

ಆದ್ದರಿಂದ ಓದುಗರಲ್ಲಿ ಎರಡು ಮಾತು ಕೇಳಿಕೊಳ್ಳುತ್ತೇನೆ. ಊರಿನ ಜಾತ್ರೆಯಲ್ಲಾಗಲಿ, ಪರದೇಶದ ಸೇತುವೆಯ ಮೇಲಾಗಲಿ, ದುಡ್ಡು ಕಟ್ಟಿಸಿ ಬಟ್ಟಲೋ ಎಲೆಯೋ ಆಡಿಸುವವರನ್ನು ಕಂಡರೆ ನಿಲ್ಲಬೇಡಿ. ನಿಮ್ಮ ಕಣ್ಣು ಎಷ್ಟು ಚುರುಕಾಗಿದ್ದರೂ ಅಲ್ಲಿ ಕೆಲಸಕ್ಕೆ ಬಾರದು. ದುಡ್ಡು ಕಟ್ಟಿಸದೆ ಆಡುವ ಗಾರುಡಿಗ ಎಲ್ಲಾದರೂ ಸಿಕ್ಕರೆ ಪೂರ್ತಿ ನಿಂತು ನೋಡಿ, ಹಾಸಿದ ಬಟ್ಟೆಗೆ ಕೈತುಂಬ ಹಾಕಿ. ಈ ಸಲದ ತಿರುಗಾಟದಲ್ಲಿ ಯಾವುದಾದರೂ ಯಕ್ಷಗಾನ ಮೇಳ ನಿಮ್ಮ ಕಡೆ ‘ನಳ ದಮಯಂತಿ’ ಆಡಿದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಸ್ವಯಂವರದ ಹೊತ್ತಿಗೆ ಅವರು ನಿದ್ದೆ ಹೋಗಿದ್ದರೆ ದಯವಿಟ್ಟು ಎಬ್ಬಿಸಿ.